ಪ್ರೇಮಿಗಳ ದಿನಕ್ಕೆ ಅಬ್ಬಲಿಗೆ ದಂಡೆ ಸಾಕು
ಪ್ರೇಮಿಗಳ ದಿನ ಶುಭಾಶಯ ಕಾರ್ಡ್ ಕಂಪನಿಗಳು ಹುಟ್ಟಿಸಿದ್ದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಫೆಬ್ರವರಿ 14 ಸಂತ ವ್ಯಾಲೆಂಟೈನ್ ಹೆಸರಿನ ಹಬ್ಬವಾಗಿ ಶತಮಾನಗಳಿಂದ ಇತ್ತು. ಅದಕ್ಕೆ ಪ್ರೇಮದ ನಂಟು ಬೆಸೆದವರಲ್ಲಿ 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಮುಖ್ಯ. ಹಕ್ಕಿಗಳು ಜೋಡಿ ಆರಿಸಿಕೊಳ್ಳುವ ದಿನ ಅದು ಅಂತ ಬರೆದ. ಅಚ್ಚಿನ ಕಾರ್ಡು ಬಂದದ್ದು ಎಷ್ಟೋ ಕಾಲದ ನಂತರ. 1969ರಲ್ಲಿ ಕ್ಯಾಥೊಲಿಕ್ ಚರ್ಚು ತನ್ನ ಸಾಮಾನ್ಯ ಪಂಚಾಂಗದಿಂದ ಈ ಹಬ್ಬವನ್ನು ಕೈಬಿಟ್ಟರೂ ಜನ ಬಿಡಲಿಲ್ಲ.

ಆಚರಣೆಗೆ ದುಬಾರಿ ಹೋಟೆಲೇ ಬೇಕೆಂದಿಲ್ಲ. ನಾನೂ ನಮ್ಮನೆಯವರೂ ಪ್ರತಿ ವರ್ಷ ಆ ಸಂಜೆ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗುತ್ತೇವೆ. ಅವರು ಪೇಟೆಯಿಂದ ಅಬ್ಬಲಿಗೆ ದಂಡೆ ತರುತ್ತಾರೆ, ಬಾಳೆ ಎಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ. ಹೊತ್ತು ಮುಳುಗುವವರೆಗೂ ಮರಳ ಮೇಲೆ ಕೂತಿರುತ್ತೇವೆ.