ಭಜನೆ ಗುಂಪಿನ ಅಧ್ಯಕ್ಷರು ಯಾರಾಗಬೇಕು?

ಹೋದ ತಿಂಗಳು ಮಗಳು ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ ಒಂದು ವಿಷಯ ಹೇಳಿದಳು. ಅವಳ ಯೂನಿವರ್ಸಿಟಿಯಲ್ಲಿ ಹಿಂದೂ ಹುಡುಗ ಹುಡುಗಿಯರ ಒಂದು ಸಣ್ಣ ಗುಂಪಿದೆ. ಗುರುವಾರ ಸಂಜೆ ಭಜನೆ, ಗೌರಿ ಗಣೇಶ, ದೀಪಾವಳಿ, ಇಷ್ಟೇ. ಗುಂಪಿನ ಬೈಲಾದಲ್ಲಿ ಒಂದು ಸಾಲಿತ್ತು. ಅಧ್ಯಕ್ಷರಾಗುವವರಿಗೆ ದೇವರಲ್ಲಿ ನಂಬಿಕೆ ಇರಬೇಕು, ಗುರುವಾರದ ಪೂಜೆಯನ್ನು ಅವರೇ ನಡೆಸಬೇಕು ಅಂತ. ವಿದ್ಯಾರ್ಥಿ ಗುಂಪುಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಈಮೇಲ್ ಬಂತಂತೆ. ಈ ಸಾಲು ತಾರತಮ್ಯ ವಿರೋಧಿ ನಿಯಮಕ್ಕೆ ಹೊಂದುವುದಿಲ್ಲ, ತೆಗೆಯಿರಿ, ಇಲ್ಲದಿದ್ದರೆ ನೋಂದಣಿ ಆಗುವುದಿಲ್ಲ. ಮಕ್ಕಳು ಕೂತಲ್ಲೇ ಸಾಲು ಅಳಿಸಿ ವಾಪಸ್ ಕಳಿಸಿದರಂತೆ.

"ಹಾಗಾದರೆ ಇನ್ನು ಯಾರನ್ನ ಬೇಕಾದರೂ ಅಧ್ಯಕ್ಷರನ್ನಾಗಿ ಮಾಡ್ತೀರಾ?" ಅಂತ ಕೇಳಿದೆ.

"ಇಲ್ಲಪ್ಪ, ಅದು ಸುಮ್ನೆ ಪೇಪರ್ ಮೇಲೆ. ನಾವು ಮೊದಲಿನ ಥರಾನೇ ಮಾಡ್ತೀವಿ" ಅಂದಳು.

ಎಷ್ಟು ಸಲೀಸಾಗಿ ಅಂದಳೆಂದರೆ, ಆ ರಾತ್ರಿ ನನಗೆ ಊಟ ಸೇರಲಿಲ್ಲ. ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗಿ ಅವಳು. ಬರೆದದ್ದೊಂದು, ನಡೆಯುವುದೊಂದು ಅನ್ನುವ ವಿದ್ಯೆಯನ್ನು ನಾವು ಮನೆಯಲ್ಲಿ ಕಲಿಸಿರಲಿಲ್ಲ. ಆ ವಿದ್ಯೆ ಬೇಡ ಅಂತಲೇ ಊರು ಬಿಟ್ಟವನು ನಾನು. ಈಗ ಅದನ್ನೇ ಅವಳಿಗೆ ಇಲ್ಲಿನ ಯೂನಿವರ್ಸಿಟಿಯ ನಿಯಮ ಕಲಿಸಿತು.

ಪಿಯುಸಿ ಮುಗಿಸಿ ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದಾಗ ಅಪ್ಪ ನನ್ನನ್ನು ಒಂದು ಹಾಸ್ಟೆಲಿಗೆ ಕರೆದುಕೊಂಡು ಹೋಗಿದ್ದರು. ಬೋರ್ಡಿನ ಮೇಲೆ ‘ಎಲ್ಲ ವರ್ಗದ ಬಡ ವಿದ್ಯಾರ್ಥಿಗಳಿಗೆ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅರ್ಜಿಯಲ್ಲಿ ಅಂಕ ಕೇಳಿದ್ದರು, ಆದಾಯ ಕೇಳಿದ್ದರು, ಬೇರೇನೂ ಇರಲಿಲ್ಲ. ವಾರ್ಡನ್ ನನ್ನ ಅಂಕಪಟ್ಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಕನ್ನಡಕವನ್ನು ಹಣೆಗೆ ಏರಿಸಿದರು. "ಯಜಮಾನ್ರೇ, ತಾವು ಯಾವ ಪೈಕಿ?" ಅಂದರು. ಅಪ್ಪ ಹೇಳಿದರು. "ಓ... ಈ ಸಲ ಸೀಟೆಲ್ಲ ತುಂಬಿಹೋಯ್ತಲ್ಲ" ಅಂದರು ವಾರ್ಡನ್. ನಮ್ಮ ಹಿಂದೆ ನಿಂತಿದ್ದ ಹುಡುಗನಿಗೆ ಸೀಟು ಸಿಕ್ಕಿತು. ಅವನ ಅಂಕ ನನಗಿಂತ ಕಡಿಮೆ. ಅಪ್ಪ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಮೆಜೆಸ್ಟಿಕ್ ಬರುವ ತನಕ ಒಂದು ಮಾತೂ ಆಡಲಿಲ್ಲ.

ಜಗಳ ಮಾಡೋಣ ಅಂದರೆ ಯಾವುದರ ಮೇಲೆ ಮಾಡುವುದು? ಕಾಗದದಲ್ಲಿ ಎಲ್ಲವೂ ಸರಿಯಾಗೇ ಇತ್ತು.

ಅಮೆರಿಕಕ್ಕೆ ಓದಲು ಬಂದ ಹೊಸತರಲ್ಲಿ ನಮಗೆ ಮೊದಲು ಸಹಾಯ ಮಾಡಿದವರು ಕ್ಯಾಂಪಸ್ಸಿನ ಕ್ರಿಶ್ಚಿಯನ್ ವಿದ್ಯಾರ್ಥಿಗಳ ಒಂದು ಗುಂಪು. ಇಲ್ಲಿ ಓದಿದ ಬಹಳ ಜನ ಕನ್ನಡಿಗರಿಗೆ ಈ ಅನುಭವ ಇರುತ್ತದೆ. ಹಾಸಿಗೆ ಕೊಟ್ಟರು, ಹಳೇ ಸೋಫಾ ಕೊಟ್ಟರು, ಅದನ್ನು ಮೂರನೇ ಮಹಡಿಗೆ ಹೊತ್ತುಕೊಂಡೂ ಬಂದರು. ವಾರಕ್ಕೊಮ್ಮೆ ಕಾರಿನಲ್ಲಿ ಅಂಗಡಿಗೆ ಕರೆದೊಯ್ದರು. ಶುಕ್ರವಾರ ಅವರ ಬೈಬಲ್ ಓದು. ನಾನೂ ಹೋಗಿ ಕೂರುತ್ತಿದ್ದೆ, ಪ್ರಶ್ನೆ ಕೇಳುತ್ತಿದ್ದೆ, ಊಟ ಮಾಡಿ ಬರುತ್ತಿದ್ದೆ. ಒಂದು ದಿನ ಅಲ್ಲಿದ್ದ ಹುಡುಗನನ್ನು ಕೇಳಿದೆ, ನಾನು ನಿಮ್ಮ ಕಮಿಟಿಗೆ ಸೇರಬಹುದಾ ಅಂತ. ಅವನು ಮುಚ್ಚುಮರೆ ಮಾಡಲಿಲ್ಲ. "ಸದಸ್ಯ ಯಾರು ಬೇಕಾದರೂ ಆಗಬಹುದು. ಕಮಿಟಿಗೆ ಬರುವವರು ನಮ್ಮ ನಂಬಿಕೆಗೆ ಸಹಿ ಹಾಕಬೇಕು. ನೋಡು, ಇಲ್ಲಿ ಬರೆದಿದೆ" ಅಂತ ಹಾಳೆ ತೋರಿಸಿದ. ನನಗೆ ಬೇಜಾರಾಗಲಿಲ್ಲ. ಅದು ಅವರ ಪ್ರಾರ್ಥನೆ, ಮುಂದೆ ನಿಂತು ನಡೆಸುವವನು ನಂಬಿದವನಾಗಿರಬೇಕು. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೂ ಇದೇ ಮಾತು ಅಲ್ವಾ?

ಇವರ ಆ ಹಾಳೆಯೇ ತಪ್ಪು ಅನ್ನುವ ವಾದ ಅಮೆರಿಕದ ಕಾಲೇಜುಗಳಲ್ಲಿ ಬಹಳ ವರ್ಷಗಳಿಂದ ನಡೆದಿದೆ. ಸ್ಯಾನ್ ಫ್ರಾನ್ಸಿಸ್ಕೋದ ಹೇಸ್ಟಿಂಗ್ಸ್ ಕಾನೂನು ಕಾಲೇಜಿನಲ್ಲಿ ಒಂದು ನಿಯಮವಿತ್ತು. ನೋಂದಾಯಿತ ಗುಂಪು ಯಾರು ಬಂದರೂ ಸೇರಿಸಿಕೊಳ್ಳಬೇಕು, ಯಾರು ಬೇಕಾದರೂ ಪದಾಧಿಕಾರಿ ಆಗಲು ಬಿಡಬೇಕು. ಅಲ್ಲಿನ ಕ್ರಿಶ್ಚಿಯನ್ ಲೀಗಲ್ ಸೊಸೈಟಿ ಒಪ್ಪಲಿಲ್ಲ. ಓಟು ಹಾಕುವ ಸದಸ್ಯರೂ ಪದಾಧಿಕಾರಿಗಳೂ ನಂಬಿಕೆಯ ಹೇಳಿಕೆಗೆ ಸಹಿ ಹಾಕಲೇಬೇಕು ಅಂದಿತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2010ರಲ್ಲಿ 5-4ರ ಅಂತರದಲ್ಲಿ ಕಾಲೇಜು ಗೆದ್ದಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ಗುಂಪು ಸೇರುವುದನ್ನು ಕಾಲೇಜು ತಡೆದಿಲ್ಲ, ತನ್ನ ದುಡ್ಡು ಮತ್ತು ಸವಲತ್ತನ್ನಷ್ಟೇ ಕೊಟ್ಟಿಲ್ಲ, ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ತಪ್ಪಿಲ್ಲ ಅನ್ನುವುದು ಅದರ ತಿರುಳು.

ನನಗೆ ಹೆಚ್ಚು ಹಿಡಿಸಿದ್ದು ನ್ಯಾಶ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯಲ್ಲಿ 2012ರಲ್ಲಿ ನಡೆದದ್ದು. ಅಲ್ಲೂ ಇದೇ ನಿಯಮ ಬಂತು. ಒಂದು ಸಣ್ಣ ಕ್ರಿಶ್ಚಿಯನ್ ಗುಂಪಿಗೆ, ಮುಂದಾಳುಗಳಿಗೆ ‘ಯೇಸು ಕ್ರಿಸ್ತನಲ್ಲಿ ಸ್ವಂತ ನಿಷ್ಠೆ’ ಇರಬೇಕು ಅನ್ನುವ ಮಾತನ್ನು ಬೈಲಾದಿಂದ ತೆಗೆಯಿರಿ ಅಂದರು. ಮಗಳ ಗುಂಪಿಗೆ ಬಂದಂಥದ್ದೇ ಈಮೇಲ್ ಅಂತಿಟ್ಟುಕೊಳ್ಳಿ. ಅವರು ತೆಗೆಯಲಿಲ್ಲ. ಕ್ಯಾಥೊಲಿಕ್ ವಿದ್ಯಾರ್ಥಿಗಳ ದೊಡ್ಡ ಸಂಘವೂ ಸೇರಿ ಹಲವು ಗುಂಪುಗಳು ನೋಂದಣಿಯನ್ನೇ ಬಿಟ್ಟು ಹೊರಗೆ ನಡೆದವು. ಸುಮ್ನೆ ಒಂದು ಸಹಿ ಹಾಕಿ, ಒಳಗೊಳಗೆ ತಮಗೆ ಬೇಕಾದವರನ್ನೇ ಆರಿಸಿಕೊಂಡಿದ್ದರೆ ಯಾರು ಕೇಳುತ್ತಿದ್ದರು? ಸವಲತ್ತು ಕಳೆದುಕೊಂಡರೂ ಚಿಂತೆಯಿಲ್ಲ, ಸುಳ್ಳು ಬರೆಯುವುದಿಲ್ಲ ಅಂದರು. ಆ ಹಠಕ್ಕೆ ನಾನು ಕೈ ಮುಗಿಯುತ್ತೇನೆ. ನಮ್ಮ ಊರಿನ ಎಷ್ಟು ಸಂಘಗಳು ಹಾಗೆ ಮಾಡಿಯಾವು?

ಅಯೋವಾ ಯೂನಿವರ್ಸಿಟಿಯ ಕಥೆ ಇನ್ನೂ ಬೇರೆ. ಬಿಸಿನೆಸ್ ಲೀಡರ್ಸ್ ಇನ್ ಕ್ರೈಸ್ಟ್ ಅನ್ನುವ ಸಣ್ಣ ಗುಂಪು. ಅದರ ಸದಸ್ಯನೊಬ್ಬ ಉಪಾಧ್ಯಕ್ಷ ಆಗಬೇಕೆಂದ. ಅವನು ಸಲಿಂಗಿ. ಮದುವೆ, ಲೈಂಗಿಕತೆ ಕುರಿತ ನಮ್ಮ ನಂಬಿಕೆಯನ್ನು ನೀನು ಒಪ್ಪುವುದಿಲ್ಲವಲ್ಲ ಅಂತ ಗುಂಪು ಬೇಡ ಅಂದಿತು. ಅವನು ದೂರು ಕೊಟ್ಟ, 2017ರಲ್ಲಿ ಯೂನಿವರ್ಸಿಟಿ ಗುಂಪಿನ ನೋಂದಣಿ ಕಿತ್ತುಹಾಕಿತು. ಗುಂಪು ಕೋರ್ಟಿಗೆ ಹೋಯಿತು. ಆಗ ಯೂನಿವರ್ಸಿಟಿ ಎಲ್ಲ ಗುಂಪುಗಳ ಬೈಲಾ ತೆಗೆದು ನೋಡಿತು. ಕಾಲು ಶತಮಾನದಿಂದ ಕ್ಯಾಂಪಸ್ಸಿನಲ್ಲಿದ್ದ ಕ್ರಿಶ್ಚಿಯನ್ ಗುಂಪು ಇಂಟರ್‌ವಾರ್ಸಿಟಿ ಹೊರಗೆ ಬಿತ್ತು. ಅಲ್ಲೂ ಸದಸ್ಯ ಯಾರು ಬೇಕಾದರೂ ಆಗಬಹುದಿತ್ತು, ನಂಬಿಕೆಗೆ ಸಹಿ ಕೇಳುತ್ತಿದ್ದದ್ದು ಮುಂದಾಳುಗಳಿಗೆ ಮಾತ್ರ. ಸಿಖ್ಖರ ಗುಂಪು ಹೊರಗೆ. ಮುಸ್ಲಿಮರ ಇಮಾಮ್ ಮಹ್ದಿ ಗುಂಪೂ ಹೊರಗೆ. ಆದರೆ ಗಂಡುಮಕ್ಕಳಿಗಷ್ಟೇ ಇರುವ ಫ್ರಟರ್ನಿಟಿಗಳು, ಹೆಣ್ಣುಮಕ್ಕಳಿಗಷ್ಟೇ ಇರುವ ಸೊರೊರಿಟಿಗಳು ಹಾಗೇ ಉಳಿದವು. ದೂರು ಕೊಟ್ಟ ಹುಡುಗ ಲವ್ ವರ್ಕ್ಸ್ ಅಂತ ತನ್ನದೇ ಕ್ರಿಶ್ಚಿಯನ್ ಗುಂಪು ಕಟ್ಟಿದ. ಅದರ ಮುಂದಾಳುಗಳೂ ತಮ್ಮ ಗುಂಪಿನ ನಂಬಿಕೆಗೆ ಸಹಿ ಹಾಕಬೇಕಿತ್ತು. ಅದೂ ಉಳಿಯಿತು.

ಇಂಟರ್‌ವಾರ್ಸಿಟಿಯೂ ಕೋರ್ಟಿಗೆ ಹೋಯಿತು. 2021ರಲ್ಲಿ ಅಯೋವಾ ಭಾಗಕ್ಕೆ ಸೇರಿದ ಎಂಟನೇ ಸರ್ಕ್ಯೂಟಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎರಡೂ ಕೇಸುಗಳಲ್ಲಿ ಗುಂಪುಗಳ ಪರ ನಿಂತಿತು. ಹೀಗೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಿದ ಅಧಿಕಾರಿಗಳು ಸ್ವಂತಕ್ಕೇ ಹೊಣೆ ಹೊರಬೇಕಾಗಬಹುದು ಅಂದಿತು. ಇದನ್ನು ಓದುವಾಗ ನನಗೆ ಆ ವಾರ್ಡನ್ ಕನ್ನಡಕ ಏರಿಸಿದ್ದು ನೆನಪಾಯಿತು. ಇಲ್ಲಿ ಗುಂಪಿನವರು ತಮ್ಮ ಷರತ್ತನ್ನು ಬರೆದಿಟ್ಟಿದ್ದರು, ಯೂನಿವರ್ಸಿಟಿ ತನ್ನ ನಿಯಮವನ್ನು ಬರೆದಿಟ್ಟಿತ್ತು. ಬರೆದದ್ದು ಇದ್ದದ್ದರಿಂದಲೇ ಎದುರು ಬದುರು ಇಟ್ಟು ತೂಗಲಿಕ್ಕಾಯಿತು. ನಮ್ಮಲ್ಲಿ ಅಂಥ ಕಾಗದವೇ ಹುಟ್ಟುವುದಿಲ್ಲ. ಸಂಘದ ಬೈಲಾ ತೆಗೆದರೆ ಜಾತಿ ಮತ ಭೇದವಿಲ್ಲದೆ ಅಂತಲೇ ಶುರುವಾಗುತ್ತದೆ. ಅಧ್ಯಕ್ಷರ ಪಟ್ಟಿ ನೋಡಿದರೆ ಮೊದಲಿನಿಂದ ಕೊನೆವರೆಗೆ ಒಂದೇ ಪೈಕಿಯವರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಬಾಗಿಲು ಎಲ್ಲರಿಗೂ ತೆರೆದಿರಲಿ. ಭಜನೆಗೆ ಬರಲಿ, ಪ್ರಸಾದ ತಿನ್ನಲಿ, ಸದಸ್ಯರಾಗಲಿ. ಮುಂದೆ ನಿಂತು ಪೂಜೆಯನ್ನೋ ಪ್ರಾರ್ಥನೆಯನ್ನೋ ನಡೆಸುವವರು ಮಾತ್ರ ಅದನ್ನು ನಂಬಿದವರಾಗಿರಬೇಕು ಅಂತ ಗುಂಪು ಕೇಳಬಹುದು, ಮತ್ತು ಕೇಳುವುದಾದರೆ ಬರೆದು ಕೇಳಬೇಕು. ಇದು ನಮಗೆ ಹೊಸದೇನಲ್ಲ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಇಂಥದ್ದೊಂದು ದಾರಿ ಹುಡುಕಿತ್ತು. ಅದು ಗೌಡ ಸಾರಸ್ವತರ ದೇವಸ್ಥಾನ ಹೌದು, ಆದರೂ ಎಲ್ಲ ಹಿಂದೂಗಳಿಗೂ ಒಳಗೆ ಬರುವ ಹಕ್ಕಿದೆ, ಕೆಲವು ಸೇವೆಗಳ ಹೊತ್ತಿನಲ್ಲಿ ಮಾತ್ರ ಅದು ಆ ಸಮುದಾಯಕ್ಕೆ ಮೀಸಲು ಅಂತ.

ಇಷ್ಟು ಬರೆದ ಮೇಲೂ ಒಂದೆರಡು ಮಾತು ಗಂಟಲಲ್ಲಿ ಸಿಕ್ಕಿಕೊಂಡಿವೆ, ಹೇಳಲೇಬೇಕು. ಗುಂಪುಗಳಿಗೆ ಹೋಗುವ ದುಡ್ಡು ಎಲ್ಲ ವಿದ್ಯಾರ್ಥಿಗಳ ಫೀಸಿನಿಂದ ಬರುತ್ತದೆ. ಅಯೋವಾದ ಆ ಹುಡುಗನೂ ಫೀಸು ಕಟ್ಟಿದ್ದ. ನನಗೆ ಕಮಿಟಿ ಬೇಡ ಅಂದಾಗ ಬೇಜಾರಾಗಲಿಲ್ಲ ನಿಜ, ಆದರೆ ನಾನು ಆ ಗುಂಪಿನ ದೇವರನ್ನು ನಂಬಿದವನಲ್ಲ. ಅವನು ನಂಬಿದವನು. ತನ್ನದೇ ದೇವರ ಹೆಸರಿನಲ್ಲಿ ಬೇಡ ಅನ್ನಿಸಿಕೊಂಡವನ ನೋವು ಬೇರೆ. ಅದು ಅಪ್ಪನ ಜೇಬಿನ ಅರ್ಜಿಗೆ ಹತ್ತಿರದ್ದು.

ಇನ್ನೊಂದು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯದ್ದು. 2014ರಲ್ಲಿ ಇದೇ ನಿಯಮ ಹಿಡಿದು ತನ್ನ ಕ್ಯಾಂಪಸ್ಸುಗಳಲ್ಲಿ ಇಂಟರ್‌ವಾರ್ಸಿಟಿಯ ಮಾನ್ಯತೆ ತೆಗೆದು, ಮುಂದಿನ ವರ್ಷ ಮಾತುಕತೆ ಮಾಡಿ ವಾಪಸ್ ಕೊಟ್ಟಿತು. ತೆಗೆದದ್ದು ನನಗೆ ಸರಿಕಾಣಲಿಲ್ಲ. ಅದೇ ಯೂನಿವರ್ಸಿಟಿ 2022ರ ಜನವರಿಯಲ್ಲಿ ತಾರತಮ್ಯ ವಿರೋಧಿ ನಿಯಮಕ್ಕೆ ಜಾತಿಯನ್ನೂ ಸೇರಿಸಿತು. ಇಲ್ಲಿನ ನಮ್ಮವರು ಬಹಳ ಜನ ಸಿಟ್ಟಾದರು. ನಾನು ಆಗಲಿಲ್ಲ. ‘ತಾವು ಯಾವ ಪೈಕಿ’ ಅನ್ನುವ ಪ್ರಶ್ನೆ ವಿಮಾನ ಹತ್ತಿ ಇಲ್ಲಿಗೂ ಬಂದಿದೆ. ಶನಿವಾರದ ಊಟಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಕೇಳಿದ್ದೇನೆ. ಅದನ್ನು ತಡೆಯಲು ಒಂದು ನಿಯಮ ಬೇಕೇ ಬೇಕು, ಬೈಲಾದಲ್ಲಿ ಬರೆದುಕೊಂಡು ಬಂದರಂತೂ ಇನ್ನೂ ಜಾಸ್ತಿ ಬೇಕು.

ನಂಬಿಕೆ ಕೇಳಬಹುದು, ಹುಟ್ಟು ಕೇಳಬಾರದು ಅಂತ ಗೆರೆ ಎಳೆದುಬಿಡೋಣ ಅನ್ನಿಸುತ್ತದೆ. ಕ್ರಿಶ್ಚಿಯನ್ ಗುಂಪಿಗೆ ಆ ಗೆರೆ ಸುಲಭ, ಯಾರು ಬೇಕಾದರೂ ನಾಳೆ ನಂಬಿ ಸಹಿ ಹಾಕಬಹುದು. ನಮ್ಮಲ್ಲಿ ಗೆರೆ ಅಷ್ಟು ನೇರ ಇಲ್ಲ. ನಾನು ಹೆಮ್ಮೆಯಿಂದ ಹೇಳಿದ ಮೂಲ್ಕಿಯ ತೀರ್ಪನ್ನೇ ನೋಡಿ. ಆ ಕೆಲವು ಸೇವೆಗಳ ಹೊತ್ತಿನಲ್ಲಿ ಒಳಗಿರಬೇಕಾದರೆ ವೆಂಕಟರಮಣನನ್ನು ಎಷ್ಟು ನಂಬಿದರೂ ಸಾಲದು, ಗೌಡ ಸಾರಸ್ವತರ ಮನೆಯಲ್ಲಿ ಹುಟ್ಟಿರಬೇಕಿತ್ತು.