ಭೀಮೆಗೊಂದು ಸುತ್ತೋಲೆ ಕಳಿಸ್ರಪ್ಪಾ

ಕಲಬುರಗಿ ಜಿಲ್ಲೆಯಲ್ಲಿ ಭೀಮೆಯ ದೊಡ್ಡ ಅಪರಾಧ ಉಕ್ಕಿ ಹರಿಯುವುದಲ್ಲ, ಮಾರ್ಗಸೂಚಿ ಓದದೇ ಉಕ್ಕಿ ಹರಿಯುವುದು.

ವಿಪತ್ತು ಪರಿಹಾರ ನಿಧಿಯ ಮಾನದಂಡ ನೋಡಿ. ಬಟ್ಟೆಬರೆ, ಪಾತ್ರೆಪಡಗ ಹಾಳಾದದ್ದಕ್ಕೆ ನೆರವು ಸಿಗಬೇಕಾದರೆ ಮನೆ ಕೊಚ್ಚಿ ಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ನೀರಲ್ಲಿರಬೇಕು. ಅಫಜಲಪುರದ ಕಡೆ ಒಂದು ಮನೆಗೆ ಭೀಮೆ ನುಗ್ಗಿದಳು, ಒಂದು ಹಗಲು ಒಂದು ರಾತ್ರಿ ಇದ್ದಳು, ಕೌದಿ ತೋಯಿಸಿ ಜೋಳದ ಚೀಲ ಕೆಡಿಸಿ ಹೊರಟಳು ಎನ್ನಿ. ಕಾಗದದ ಪ್ರಕಾರ ಅದು ವಿಪತ್ತಲ್ಲ, ಬೀಗರು ಬಂದು ಹೋದ ಹಾಗೆ. ಪಂಚನಾಮೆಗೆ ಬಂದವರಿಗೆ ಮನೆಯಾಕೆ ಏನು ಉತ್ತರ ಕೊಡಬೇಕು? "ಇನ್ನೊಂದ್ ದಿನ ಇರವ್ವಾ ಅಂತ ಕೈ ಮುಗುದು ಹೇಳ್ದೇವ್ರಿ ಸಾಹೇಬ್ರ, ಅಕಿ ಕೇಳ್ಬೇಕಲ್ರಿ!" ಸರ್ಕಾರ ಒಮ್ಮೊಮ್ಮೆ ಮನಸ್ಸು ಕರಗಿ ನಿಯಮ ಸಡಿಲಿಸುವುದುಂಟು. ಕರಗುವ ಹೊತ್ತಿಗೆ ಕೌದಿ ಒಣಗಿರುತ್ತದೆ.

ಹೊಲದ ಲೆಕ್ಕ ಇನ್ನೂ ಸೊಗಸು. ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. ಶೇ 32 ಹೋದ ರೈತ ಲಾಭದಲ್ಲಿದ್ದಾನೆ. ತೊಗರಿಯಂತೂ ಇಲಾಖೆಗೆ ಮೋಸ ಮಾಡಲೆಂದೇ ಹುಟ್ಟಿದ ಬೆಳೆ: ಬುಡದಲ್ಲಿ ನೀರು ನಿಂತಾಗ ಹಸಿರಾಗೇ ಇರುತ್ತದೆ, ಬೇರು ಕೊಳೆತ ಮೇಲೆ ನಿಧಾನಕ್ಕೆ ಒಣಗುತ್ತದೆ. ಸಮೀಕ್ಷೆಯವರು ಬಂದಾಗ ಹಸಿರು, ಹೋದ ಮೇಲೆ ಕಟ್ಟಿಗೆ. ಇಷ್ಟೆಲ್ಲ ಪರೀಕ್ಷೆ ಪಾಸಾದರೆ ಕೇಂದ್ರದ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎಂದರೆ ಎಕರೆಗೆ ಮೂರೂವರೆ ಸಾವಿರವೂ ತುಂಬುವುದಿಲ್ಲ. ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಮೂರನೇ ಹೆಕ್ಟೇರ್ ಮುಳುಗಿದ್ದು ರೈತನ ಸ್ವಂತ ಹವ್ಯಾಸ.

ಇದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರಿನಲ್ಲಿ ನೆಲ ಮತ್ತೆ ಮತ್ತೆ ನಡುಗಿದಾಗ ಜನ ಹೆದರಿ ಮನೆ ಬಿಟ್ಟು ಹೊರಗೆ ಮಲಗಿದರು. ಭೂಮಿ ಹೇಳಿ ಕೇಳಿ ನಡುಗುವುದಿಲ್ಲ, ಒಪ್ಪೋಣ. ಆದರೆ ಭೀಮೆ? ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಿಂದ ಇಷ್ಟು ಕ್ಯುಸೆಕ್ ಬಿಟ್ಟರಂತೆ ಎಂಬ ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ ಬರುತ್ತದೆ, ಸೊನ್ನ ಬ್ಯಾರೇಜು ದಾಟಿ ದೇವಲ ಗಾಣಗಾಪುರದ ಸಂಗಮ ಮುಳುಗಿಸುತ್ತದೆ. 2020ರ ಅಕ್ಟೋಬರಿನಲ್ಲೂ ಹೀಗೇ ಬಂದಳು. ದಿನಾಂಕ ಸಮೇತ ತಿಳಿಸಿ ಬರುವವಳನ್ನು "ಅನಿರೀಕ್ಷಿತ ಪ್ರವಾಹ" ಎನ್ನಲು ನಮ್ಮವರಿಗೇ ಸಾಧ್ಯ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಅಪಾಯವನ್ನು ಮೊದಲೇ ತಗ್ಗಿಸುವ ಕೆಲಸವನ್ನೂ ಜಿಲ್ಲಾ ಪ್ರಾಧಿಕಾರದ ಕೊರಳಿಗೆ ಕಟ್ಟಿದೆ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ವರ್ಷ ವರ್ಷ ಕಡತ ಎತ್ತರವಾಯಿತು, ತಗ್ಗಿನ ಮನೆಗಳು ತಗ್ಗಿನಲ್ಲೇ ಇವೆ. ಕೊನೆಗೆ ಹೆಲಿಕಾಪ್ಟರ್ ಬರುತ್ತದೆ. ಅಷ್ಟು ಮೇಲಿನಿಂದ ಶೇ 32 ಯಾವುದು, ಶೇ 33 ಯಾವುದು ಎಂದು ಗುರುತಿಸುವ ಕಣ್ಣು ದೊಡ್ಡವರಿಗಷ್ಟೇ ಇರುತ್ತದೆ.

ಹಾಗಾಗಿ ಊರು ಸರಿಪಡಿಸುವುದಕ್ಕಿಂತ ನದಿಗೆ ಶಿಸ್ತು ಕಲಿಸುವುದೇ ಅಗ್ಗ. ಸುತ್ತೋಲೆ ಹೊರಡಲಿ: ಭೀಮೆಯು ಇನ್ನು ಮುಂದೆ ಕಚೇರಿ ಕೆಲಸದ ದಿನವೇ ಬರತಕ್ಕದ್ದು, ಮನೆಯಲ್ಲಿ ಎರಡು ದಿನ ದಾಟುವವರೆಗೆ ಕದಲತಕ್ಕದ್ದಲ್ಲ, ಎರಡು ಹೆಕ್ಟೇರ್ ಮುಗಿದ ಬದುವಿನಲ್ಲಿ ನಿಂತುಕೊಳ್ಳತಕ್ಕದ್ದು. ಹುಟ್ಟಿದ್ದು ಭೀಮಾಶಂಕರದಲ್ಲಿ, ಹಾಗಾಗಿ ಮರಾಠಿಯಲ್ಲೂ ಒಂದು ಪ್ರತಿ ಇರಲಿ. ಇನ್ನೊಂದು ಪ್ರತಿ ಮಾಹಿತಿಗಾಗಿ ಕೃಷ್ಣೆಗೆ.