ನದಿಗೂ ಸರಾಸರಿ ಅಂಕವೇ?

ಯಾವುದೋ ನದಿಯ ಜಲಾನಯನ ಪ್ರದೇಶದ ಆರೋಗ್ಯಕ್ಕೆ ‘ಬಿ ಗ್ರೇಡ್’ ಸಿಕ್ಕಿದೆ ಅಂತ ವರದಿ ಬಂದರೆ ನಾನು ಮೊದಲು ನೋಡುವುದು ಒಂದನ್ನೇ. ಆ ‘ಬಿ’ಯನ್ನು ಸರಾಸರಿ ತೆಗೆದು ಕೊಟ್ಟರೋ, ಹೇಗೆ?

ಸರಾಸರಿ ಅಂದರೆ ನನಗೆ ಅನುಮಾನ. ನೀರು ತಿಳಿಯಾಗಿದೆ, ಒಳ್ಳೆ ಅಂಕ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಸರಿಯಾಗಿದೆ, ಅದಕ್ಕೂ ಒಳ್ಳೆ ಅಂಕ. ಕರಗಿದ ಆಮ್ಲಜನಕ ಮಾತ್ರ ತಳ ಕಂಡಿದೆ. ಎಲ್ಲ ಕೂಡಿಸಿ ಭಾಗಿಸಿದರೆ ನದಿ ಆರಾಮಾಗಿ ಪಾಸು! ಉಸಿರು ಕಟ್ಟಿದ ಮೀನಿಗೆ ಪಿಎಚ್ ಚೆನ್ನಾಗಿದ್ದರೆಷ್ಟು, ಬಿಟ್ಟರೆಷ್ಟು?

ಈ ಆಮ್ಲಜನಕದ ಲೆಕ್ಕ ಇನ್ನೂ ಮೋಸದ್ದು. ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾದರೆ ಎಷ್ಟೋ ಮೀನುಗಳಿಗೆ ಕಷ್ಟ ಶುರು. 2ಕ್ಕಿಂತ ಕೆಳಗಿಳಿದರೆ ಹೆಚ್ಚಿನವು ಜಾಗ ಬಿಡಬೇಕು, ಇಲ್ಲ ಸಾಯಬೇಕು. ಗೊಬ್ಬರ, ಚರಂಡಿ ನೀರು ಸೇರಿ ಪಾಚಿ ಹಬ್ಬಿದ ಕಡೆ ಮಧ್ಯಾಹ್ನ ಅಳೆದು ನೋಡಿ, ಆಮ್ಲಜನಕ ಧಾರಾಳವಾಗಿ ಇರುತ್ತದೆ. ಬಿಸಿಲಲ್ಲಿ ಪಾಚಿಯೇ ಅದನ್ನು ತಯಾರಿಸಿರುತ್ತದೆ. ರಾತ್ರಿಯಿಡೀ ಉಸಿರಾಡಿ ಖಾಲಿ ಮಾಡುವುದೂ ಅದೇ ಪಾಚಿ. ಮೀನು ಸಾಯುವುದು ಬೆಳಗಿನ ಜಾವ. ಸ್ಯಾಂಪಲ್ ಬಾಟಲಿ ನೀರಿಗಿಳಿಯುವುದು ಮಾತ್ರ ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ.

ಅದಕ್ಕೇ ನನಗೆ ಬಾಟಲಿಗಿಂತ ಕಲ್ಲಿನಡಿಯ ಹುಳುಗಳ ಮೇಲೆ ನಂಬಿಕೆ ಜಾಸ್ತಿ. ಸ್ಟೋನ್‌ಫ್ಲೈ, ಮೇಫ್ಲೈ ಮರಿಗಳು ತಿಂಗಳುಗಟ್ಟಲೆ ನೀರಲ್ಲೇ ಬೆಳೆಯುತ್ತವೆ. ರಾತ್ರಿ ಪಾಳಿಯೂ ಅವುಗಳದ್ದೇ. ಕೊಳೆಯನ್ನು ಅವು ಸಹಿಸುವುದಿಲ್ಲ. ಅವು ಕಾಣೆಯಾಗಿ ಬರೀ ಕೆಂಪು ಹುಳುಗಳೇ ಸಿಕ್ಕರೆ ವಿಷಯ ಗೊತ್ತಾಯಿತು. ಆ ಕೆಂಪು ಬಣ್ಣ ಹಿಮೋಗ್ಲೋಬಿನ್‌ನದು, ಆಮ್ಲಜನಕ ಕಡಿಮೆ ಇದ್ದರೂ ಅವು ಹೇಗೋ ಬದುಕುತ್ತವೆ. ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಕಾರ್ 1981ರಲ್ಲಿ ಮೀನುಗಳನ್ನೇ ಸಾಕ್ಷಿಗೆ ಕರೆದರು. ಹೊಳೆಯ ಮೀನುಗಳ ಬಗ್ಗೆ 12 ಅಂಶ, ಪ್ರತಿಯೊಂದಕ್ಕೂ 1, 3 ಅಥವಾ 5 ಅಂಕ, ಒಟ್ಟು 60. ಹೋಲಿಕೆಗೆ ಮನುಷ್ಯರ ಕಾಟ ಕಡಿಮೆ ಇರುವ ಹೊಳೆ. ಒಳ್ಳೆಯ ಉಪಾಯ. ಆದರೆ ಕೊನೆಗೆ ಅಲ್ಲೂ ಕೂಡಿಸುವುದೇ, ಅಲ್ವಾ?

ಯುರೋಪಿನ ಒಕ್ಕೂಟ 2000ದಲ್ಲಿ ತಂದ ನೀರಿನ ಕಾನೂನು ಬೇರೆ ದಾರಿ ಹಿಡಿಯಿತು. ಮೀನು, ಹುಳು, ಪಾಚಿ, ಇವುಗಳಲ್ಲಿ ಯಾವುದರ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದೋ ಅದೇ ಆ ನೀರಿನ ದರ್ಜೆ. ಒಂದು ವಿಷಯದಲ್ಲಿ ಫೇಲಾದರೆ ಫೇಲೇ. ಇದರ ಮೇಲೆ ದೂರು ಇಲ್ಲದಿಲ್ಲ. ಒಂಬತ್ತು ಸಂಗತಿ ಸುಧಾರಿಸಿ ಒಂದು ಹಾಗೇ ಉಳಿದರೆ ದರ್ಜೆ ಅಲ್ಲಾಡುವುದಿಲ್ಲ. ದುಡಿದವರಿಗೆ ಬೇಜಾರಾಗುತ್ತದೆ, ನಿಜ. ಅದಕ್ಕೆ ಸರಾಸರಿಯ ಮೊರೆ ಹೋಗಬೇಕಿಲ್ಲ. ಒಂಬತ್ತು ಅಂಕಗಳನ್ನೂ ಪಕ್ಕದಲ್ಲೇ ಬರೆದರಾಯಿತು.

ಇನ್ನು ಜಲಾನಯನ ಅಂದರೆ ಬರೀ ನದಿ ಅಲ್ಲ, ನದಿಗೆ ನೀರು ಹರಿದು ಬರುವ ಅಷ್ಟೂ ನೆಲ. ಅದರಲ್ಲಿ ಸುಮಾರು 10 ಶೇಕಡಾ ಡಾಂಬರು, ಕಾಂಕ್ರೀಟು, ಚಾವಣಿ ಆಗುವ ಹೊತ್ತಿಗೇ ಸಣ್ಣ ಹಳ್ಳಗಳು ಹದಗೆಡುವುದನ್ನು ಸಂಶೋಧಕರು ಹಲವು ಕಡೆ ಕಂಡಿದ್ದಾರೆ. ಆದ್ದರಿಂದ ಹಳ್ಳಕ್ಕೊಂದು ಅಂಕ ಬೇಕು. ನಕ್ಷೆಯಲ್ಲಿ ಒಂದೊಂದು ಉಪನದಿಗೂ ಅದರದೇ ಬಣ್ಣ ಬೇಕು. ದೊಡ್ಡ ನದಿಯಲ್ಲಿ ನೀರು ಜಾಸ್ತಿ. ಸತ್ತ ಹಳ್ಳವೊಂದು ಬಂದು ಸೇರಿದರೂ ಕೆಳಗೆ ಅಳೆಯುವವರಿಗೆ ಗೊತ್ತೇ ಆಗುವುದಿಲ್ಲ.